ಕೂಡುವ ಗುರುತು

ಕುತಾಯಿಸಿಯ ಈ ಕಟ್ಟಡದಲ್ಲಿ ಲಿಫ್ಟು ಹತ್ತಲು
ಹತ್ತು ತೆತ್ರಿಯ ನಾಣ್ಯ ಬೇಕು.
ಇಲಾಖೆ ಕೊಡುವುದಿಲ್ಲ.
ಏಳು ಮಹಡಿ ಹತ್ತಿ, ಏದುಸಿರಿನಲ್ಲೇ ಕೇಳಿದೆ:
ಫ್ರಿಜ್ಜು ಕೊಂಡದ್ದು ಯಾವ ಇಸವಿ?

ತ್ಸಿಯಾಲಾ ಹೊಲಿಗೆ ಯಂತ್ರ ಬಿಟ್ಟು ಏಳಲಿಲ್ಲ.
ಗುಂಡುಸೂಜಿ ಕಚ್ಚಿದ ಬಾಯಲ್ಲೇ ಅಂದಳು:
ನನ್ನ ಮುಂದಿನ ಹಲ್ಲು ಬಿದ್ದಿತ್ತು.
ರಿಯೋನಿ ಹೊಳೆ ಸೇತುವೆಯ ಹೊಟ್ಟೆ ಸವರಿಕೊಂಡು ಹೋದ ವರ್ಷ.
ಅಪ್ಪನೂ ಇನ್ನು ಮೂವರೂ ಹೊತ್ತು ತಂದರು,
ಲಿಫ್ಟು ಆಗ ಹೊಸದು ನೋಡು, ಕೆಟ್ಟಿತ್ತು.

ನನ್ನ ಹಾಳೆಯಲ್ಲಿ ಇಸವಿಗೆ ನಾಲ್ಕೇ ಚೌಕ.
ಹಲ್ಲನ್ನೂ ಹೊಳೆಯನ್ನೂ ಕೂಡಿಸಿ, ಕಳೆದು,
ಎಪ್ಪತ್ನಾಲ್ಕು ಅಂತ ತುಂಬಿದೆ.

ನಡೆಯುತ್ತಿದೆಯೆ?
ಎದ್ದು ಬಾಗಿಲು ತೆಗೆದಳು. ತಣ್ಣನೆಯ ಗಾಳಿ ಬರಲಿಲ್ಲ,
ಬಂದದ್ದು ಹಳೇ ಉಣ್ಣೆಯ ವಾಸನೆ.
ಮೊಟ್ಟೆಯ ಗುಳಿಗಳಲ್ಲಿ ನೂಲಿನ ರೀಲು,
ಬೆಣ್ಣೆಯ ಖಾನೆಯಲ್ಲಿ ಗುಂಡಿ,
ತರಕಾರಿಯ ತಟ್ಟೆಯಲ್ಲಿ ಯಾರೋ ಮದುಮಗಳ ಅಳತೆ.

ಕರೆಂಟೇ ಇಲ್ಲದ ಆ ಚಳಿಗಾಲಗಳಲ್ಲಿ
ಅಡುಗೆಮನೆಯೇ ಫ್ರಿಜ್ಜಾಗಿತ್ತು, ಅಂದಳು,
ಫ್ರಿಜ್ಜಿನೊಳಗೆ ಜೋಳದ ಹಿಟ್ಟು, ಇಲಿಗೆ ಹೆದರಿ.
ದೀಪ ಬಂದ ರಾತ್ರಿ ತಾನಾಗಿಯೇ ಗುರ್ ಅಂದಿತು,
ಹಿಟ್ಟು ತಣ್ಣಗಾಯಿತು, ನಾವು ನಕ್ಕೆವು.
ಪೂರ್ತಿ ನಿಂತದ್ದು ಮೊನ್ನೆ ಮೊನ್ನೆ.
ಎಷ್ಟು ಮೊನ್ನೆ?
ಎರಡನೆಯವಳ ಮದುವೆಗೆ ಮೊದಲು.

ನಡುವೆ ಸತ್ತು ಮತ್ತೆ ಎದ್ದದ್ದಕ್ಕೆ ಕಾಲಂ ಇಲ್ಲ.
ಒಂಬತ್ತನೆಯದು ಕೇಳುತ್ತದೆ: ಎಸೆದ ದಿನಾಂಕ.
ಎಸೆಯೋದಾ? ಬಾಗಿಲು ಹೇಗೆ ಹಾಕಿಕೊಳ್ಳುತ್ತೆ ಕೇಳು.
ಟಪ್ಪ್.
ಮೂಲೆಯಲ್ಲಿ ಬೆಳ್ಳಗೆ ಹೊಳೆಯುವುದು ಅದರ ಮೂರನೆಯ ತಂಗಿ.
ಮೊದಲಿಬ್ಬರ ಮುಖ ಅವಳಿಗೆ ನೆನಪಿಲ್ಲ.

ಲೆಕ್ಕದ ವಾಝಾ ತರಬೇತಿಯಲ್ಲಿ ಹೇಳಿದ್ದ:
ನೂರು ಒಟ್ಟಿಗೆ ಹುಟ್ಟಿದವು ಅಂದುಕೋ,
ಐವತ್ತು ಸತ್ತ ದಿನವೇ ಆಯಸ್ಸು.
ಉಳಿದ ಐವತ್ತು, ಗೆರೆಯ ಬಾಲ.
ಅಳೆಯಲು ಬಂದವರು ಎದ್ದು ಹೊರಟಾಗಲೂ
ನಿಂತೇ ಇರುವುದರ ಮುಂದೆ
ಸಂಖ್ಯೆ ಬರೆದು ಒಂದು ಕೂಡುವ ಗುರುತು ಹಾಕು.
ಇಷ್ಟಂತೂ ಹೌದು, ಮುಂದಿನದು ಗೊತ್ತಿಲ್ಲ, ಅಂತ ಅರ್ಥ.

ಐವತ್ತು ಬರೆದೆ. ಗುರುತು ಹಾಕಿದೆ.
ಕೈ ಯಾಕೋ ಜೋರಾಗಿ ಒತ್ತಿ
ಕೆಳಗಿನ ಮನೆಯ ಹಾಳೆಗೂ ಮೂಡಿತು.

ನಿನಗೆಷ್ಟಮ್ಮಾ, ಅಂದಳು. ನಲವತ್ತೊಂದು.
ಆ ಗುರುತನ್ನು ಬಾಯಲ್ಲಿ ಹೇಳಲು ಬರಲಿಲ್ಲ.

ಲಿಫ್ಟಿಗಿರಲಿ ಅಂತ ಹತ್ತು ತೆತ್ರಿ ಕೈಗಿಟ್ಟಳು.
ಇಳಿಯಲು ಕಾಸು ಬೇಡವೆಂದು
ಇಬ್ಬರಿಗೂ ಗೊತ್ತಿತ್ತು.