ಮುಂದಿನ ಗಾಲಿ

ಆಲೂಗೆಡ್ಡೆ ಮಂಡಿಯ ಎದುರು ನನ್ನ ಅಂಗಡಿ.
ಹಾಸನದಲ್ಲಿ ಶ್ರಾವಣ ಕಳೆದರೂ
ಆಷಾಢದ ಗಾಳಿಗೆ ಹೋಗಲು ಮನಸ್ಸಿರಲಿಲ್ಲ,
ರುದ್ರಾಚಾರಿ ಸೈಕಲ್ ವರ್ಕ್ಸ್ ಬೋರ್ಡು
ಒಂದೇ ಮೊಳೆಯಲ್ಲಿ ಲಟಪಟ.

ಅವನು ಬಂದದ್ದು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು,
ಕಾಲು ಮುರಿದ ಕುರಿಮರಿ ಹೊತ್ತ ಹಾಗೆ.
ಅರವತ್ತು ದಾಟಿದ ಆಳು,
ಮೊಣಕಾಲೆರಡೂ ಹುಣಸೆ ಬೊಡ್ಡೆಯ ಗಂಟು.
ದುದ್ದದ ಹತ್ತಿರ ಗುಂಡಿಗೆ ಬಿದ್ದು
ಮುಂದಿನ ಗಾಲಿಯ ಮೂರು ಕಡ್ಡಿ ಹೋಗಿವೆ,
ರಿಮ್ಮು ಹಪ್ಪಳ.

ಯಾವೂರು ಎಂದೆ. ಬೆಲ್ಜಿಯಂ ಎಂದ.
ಮಗಳು ಭಾರ್ಗವಿ, ಒಂಬತ್ತನೇ ಕ್ಲಾಸು,
ಟ್ಯೂಷನ್ನಿಗೆ ಹೊರಟವಳು ಚೀಲ ಇಳಿಸಿ ನಡುವೆ ಕೂತಳು.
ಅವನದೊಂದು ಇಂಗ್ಲಿಷು, ಇವಳದೊಂದು ಇಂಗ್ಲಿಷು,
ನನ್ನ ಪಾಲಿಗೆ ಬಂದದ್ದು ಕನ್ನಡ, ಸ್ವಲ್ಪ ಸೋರಿ.

ಹೆಸರು ಲೀವೆನ್. ಹನ್ನೊಂದು ವರ್ಷ
ಸಂಬಳಕ್ಕೆ ಸೈಕಲ್ ತುಳಿದನಂತೆ.
ಸಂಬಳ? ತುಳಿಯೋದಕ್ಕೆ?
ಹೂಂ ಅಪ್ಪಾ, ನೆಲಕ್ಕೆ ಹಾಸೋ ಟೈಲ್ಸಿನ ಕಂಪನಿ,
ಎದೆ ಮೇಲೆ ಅದರ ಹೆಸರು, ಬೆನ್ನ ಮೇಲೂ.
ಎಷ್ಟು ಗೆದ್ದ, ಕೇಳು ಅಂದೆ.
ಅವಳಿಗೆ ದಾಕ್ಷಿಣ್ಯ, ಕೇಳಲಿಲ್ಲ.
ಅವನೇ ಹೇಳಿದ.

ಗೆಲ್ಲುವವನೊಬ್ಬ ಬೇರೆ ಇದ್ದ.
ಇವನದು ಅವನಿಗೆ ನೀರು ತರುವ ಕೆಲಸ.
ಹಿಂದೆ ಬರುವ ಕಾರಿನ ತನಕ ಜಾರಿ
ಅಂಗಿಯೊಳಗೆ, ಬೆನ್ನ ಜೇಬಿಗೆ ಎಂಟು ಬಾಟ್ಲಿ ತುರುಕಿ
ಮತ್ತೆ ಮುಂದಕ್ಕೆ, ನೂರೈವತ್ತು ಜನರ ಗುಂಪು ಸೀಳಿ.
ತಾನು ಕುಡಿದದ್ದು ಕೊನೆಗೆ. ಉಳಿದರೆ.
ಆ ಕೆಲಸಕ್ಕೊಂದು ಹೆಸರು ಹೇಳಿದ,
ಭಾರ್ಗವಿ ತಡವರಿಸಿ "ಮನೆಯಾಳು ಅಂತೇನೋ ಅಪ್ಪಾ" ಎಂದಳು.
ನಾನು ಹೊಸ ಕಡ್ಡಿಯ ನಿಪ್ಪಲ್ಲನ್ನು
ಅರ್ಧ ಸುತ್ತು ಬಿಗಿದು ಸುಮ್ಮನಾದೆ.

ಒಂದು ದಿನ ಮಳೆ. ಕಲ್ಲು ಹಾಸಿದ ದಾರಿ,
ಒಂದೊಂದು ಕಲ್ಲೂ ಮುದ್ದೆ ಗಾತ್ರ
(ಅವನು ಕೈಯಲ್ಲಿ ತೋರಿಸಿದ, ಮುದ್ದೆ ಎಂದವಳು ಮಗಳು).
ಗೆಲ್ಲುವವನ ಮುಂದಿನ ಗಾಲಿ ಪಂಚರ್.
ಇವನು ನಿಂತ, ತನ್ನದನ್ನು ಬಿಚ್ಚಿದ, ಕೊಟ್ಟ.
ಒಂಬತ್ತು ಸೆಕೆಂಡು.
ಗಾಲಿ ಹೊರಟು ಹೋಯಿತು.
ಚರಂಡಿ ಪಕ್ಕ, ಮೂಗಿಲ್ಲದ ಸೈಕಲ್ ಹಿಡಿದು
ಇವನು ನಿಂತೇ ಇದ್ದ. ಕೆಸರು ಹಾರಿಸುತ್ತ
ಎಲ್ಲರೂ ದಾಟಿದ ಮೇಲೆ
ಸೋತವರನ್ನು ಗುಡಿಸಿಕೊಳ್ಳುವ ವ್ಯಾನು ಬಂತು.
ಸಂಜೆಗೆ ಗಾಲಿ ಗೆದ್ದಿತ್ತು.
ಪೇಪರಿನ ಫೋಟೋ ಅವ್ವನಿಗೆ ತೋರಿಸಿ
"ನೋಡು, ಇದು ನಂದು" ಎಂದನಂತೆ,
ಗಾಲಿಯ ಮೇಲೆ ಬೆರಳಿಟ್ಟು.

ಮೂವತ್ತು ವರ್ಷದಿಂದ ಈ ಊರಿನ ಬೆಂಡು ತೆಗೆದಿದ್ದೇನೆ,
ಹಾಲಿನವರದು, ಪೇಪರ್ ಹುಡುಗರದು, ಪೋಸ್ಟಿನ ಜವರಪ್ಪನದು.
ಯಾವ ಗಾಲಿಯ ಬಗ್ಗೆಯೂ
ಅವ್ವನಿಗೆ ಹೇಳಿರಲಿಲ್ಲ.

ಒಂದೇ ಒಂದು ಗೆದ್ದಿದ್ದಾನೆ, ಸ್ವಂತ ಊರಲ್ಲಿ,
ಚರ್ಚಿನ ಸುತ್ತ ಇಪ್ಪತ್ತು ಸುತ್ತು.
ಗೆಲ್ಲುವವನಿಗೆ ಅವತ್ತು ಜ್ವರ.
ಬಹುಮಾನ ಒಂದು ಮೂಟೆ ಆಲೂಗೆಡ್ಡೆ.
ಭಾರ್ಗವಿ ನಕ್ಕಳು, ನಾನೂ ನಕ್ಕೆ.
ಅವನು ರಸ್ತೆ ದಾಟಿ ಮಂಡಿಗೆ ಹೋಗಿ
ಹರಾಜಿನ ರಾಶಿಯಿಂದ ಒಂದನ್ನೆತ್ತಿ
ಮಣ್ಣು ಉಜ್ಜಿ ಮೂಗಿಗೆ ಹಿಡಿದು
ದಲ್ಲಾಳಿ ರೇಟು ಕೂಗಿ ಮುಗಿಸುವಷ್ಟು ಹೊತ್ತು
ಹಾಗೇ ನಿಂತ.

ನೂರಿಪ್ಪತ್ತು ಹೇಳಿದೆ. ಇನ್ನೂರು ಕೊಟ್ಟ.
ಎಂಬತ್ತು ವಾಪಸು ಕೊಟ್ಟರೆ ಎಣಿಸಿ ತಗೊಂಡ.
ಅದು ನನಗೆ ಹಿಡಿಸಿತು.

ಹೊರಟದ್ದು ಬೇಲೂರು ರಸ್ತೆಗೆ. ಎದುರುಗಾಳಿ.
ಮಂಡಿಯ ಹಮಾಲಿ ಚೆಲುವಯ್ಯ
ಕ್ಯಾರಿಯರಿಗೆ ಎರಡು ಮೂಟೆ ಬಿಗಿದು
ಸೀಟಿನಿಂದೆದ್ದು ಉಬ್ಬು ತುಳಿಯುತ್ತಿದ್ದ.
ಲೀವೆನ್ ಅವನನ್ನು ದಾಟಿದ. ದಾಟಿ,
ಹಿಂತಿರುಗಿ ನೋಡಿ, ನಿಧಾನವಾಗಿ,
ಸರಿಯಾಗಿ ಅವನ ಮುಂದೆ
ಒಂದು ಮೊಳ ಬಿಟ್ಟು, ಬೆನ್ನು ಅಗಲಿಸಿ ತುಳಿಯತೊಡಗಿದ.
ಚೆಲುವಯ್ಯ ಬಲಕ್ಕೆ ಸರಿದ. ಅವನೂ ಸರಿದ.
"ದಾರಿ ಬಿಡಪ್ಪೋ" ಎಂದು ಚೆಲುವಯ್ಯ
ಬೆಲ್ಲು ಬಾರಿಸಿದ್ದು ಇಲ್ಲಿಗೂ ಕೇಳಿತು.
ಆಮೇಲೆ ಬಾರಿಸಲಿಲ್ಲ.