ಗಿಲಾವಿನೊಳಗ

ಹಂಚಿನಾಳ ಮಾಸ್ತರ ಅಡಗಿಮನಿಯೊಳಗ,
ಕಿಡಕಿಯ ಎಡಕ್ಕ, ಎದಿ ಎತ್ತರಕ್ಕ,
ಒಂದು ಅಂಕಿ ಹೂತೈತಿ.
ನಾನೇ ಬರದದ್ದು, ಇದ್ದಲಿಲೆ, ಬೆತ್ತಲಿ ಇಟ್ಟಂಗಿ ಮ್ಯಾಲ:
ಗಿಲಾವು ಫೂಟಿಗೆ ಇಷ್ಟು, ಮೂಲಿ ಬ್ಯಾರೆ,
ನೀರು ನಂದು, ಸಾರವಿ ನಿಂದು.
ರಾಜೇಸಾಬ ಗೌಂಡಿ ನೋಡಿದ, ಗೋಣ ಹಾಕಿದ,
ಎಲಿ ಮಡಚಿ ದವಡಿಗಿಟ್ಟ.
ಆತು ನಮ್ಮ ಕರಾರು.

ಹನ್ನೆರಡು ದಿನಕ್ಕ ಅವನ ಥಾಪಿ
ಆ ಗ್ವಾಡಿಗೆ ಬಂತು.
ಒಂದಕ್ಕ ನಾಕರ ಮಾಲು, ಛಲೋ ಕಲಸಿದ್ದು.
ಮೊದಲು ನನ್ನ ಸಹಿ ಮುಚ್ಚಿತು,
ಆಮ್ಯಾಲ ತಾರೀಖು,
ಆಮ್ಯಾಲ ಏಳು.
ಇಬ್ಬರೂ ನೋಡಕೋತ ನಿಂತಿದ್ವಿ,
ಚಾ ಕುಡಕೋತ. ಗ್ವಾಡಿ ಎಷ್ಟು ಸಪಾಟ ಬಂತಂದ್ರ
ನಾ "ಶಾಬಾಸ್" ಅಂದೆ.

ಬಿಲ್ಲಿನ ದಿನ ಅಂವ ಮೂವತ್ತೇಳು ಅಂದ,
ನಾ ಇಪ್ಪತ್ತೇಳು ಅಂದೆ.
ಏಳು ಇಬ್ಬರಿಗೂ ನೆನಪಿತ್ತು.
ಕಿಡಕಿ ಬಾಯಿ ಕಳಿಯೂದೋ ಬಿಡೂದೋ,
ಅದು ಗ್ವಾಡಿ ಮ್ಯಾಲೂ ಇದ್ದಿದ್ದಿಲ್ಲ.
"ಒಡದು ನೋಡೂಣು ಬರ್ರಿ" ಅಂದ.
ಮಾಸ್ತರ ಹೆಂಡತಿ ಅಲ್ಲಿ ಆಗಲೇ
ಹಳದಿ ಟೈಲ್ಸ್ ಹಚ್ಚಿಸಿ, ಸಾಸವಿ ಒಗ್ಗರಣಿ ಹಾಕತಿದ್ಲು.
ಸೌಟು ಎತ್ತಿದ್ಲು. ನಾವು ಹೊರಗ ಬಂದ್ವಿ.

ಮೂವತ್ತೆರಡಕ್ಕ ಮುಗೀತು.
ಹದಿನೆಂಟುನೂರಾ ನಲವತ್ತು ಫೂಟು, ಫೂಟಿಗೆ ಐದು:
ಒಂಬತ್ತು ಸಾವಿರದ ಎರಡುನೂರು.
ಇಬ್ಬರೊಳಗ ಯಾರೋ ಒಬ್ಬಂವ ಕಳ್ಳ,
ಇಲ್ಲಾ ಮರೆಗುಳಿ. ಅದು ನಾನೂ ಇರಬಹುದು.
ಈಗ ಅಂವ ನನ್ನ ಗಾಡಿ ಕಂಡ್ರ
ಸೈಕಲ್ ಅಡ್ಡದಾರಿಗೆ ತಿರುವ್ತಾನ.

ನನಗ ಗೊತ್ತಿರಬೇಕಿತ್ತು.
ಹಿನ್ನೀರು ಏರಿ ಬಂದ ವರ್ಷ, ಹಳೇ ಬಾಗಲಕೋಟ್ಯಾಗ,
ಸರ್ವೇದವರು ನಮ್ಮವ್ವನ್ನ ಕೇಳಿದ್ದು ಒಂದೇ ಮಾತು:
ಕಾಗದ ಐತೇನಬೇ?
ಅವ್ವ ನಾಕೂ ಗ್ವಾಡಿ ತೋರಿಸಿದ್ಲು,
ಮಾವ ಬಾಯಿಲೆ ಕೊಟ್ಟಿದ್ದು ಅಂದ್ಲು.
ಕಡೀಕ ತಲಬಾಗಲಾ ಕಿತ್ತು, ಬಂಡಿಗೆ ಹೇರಿ ತಂದ್ಲು.
ಅದಕ್ಕಷ್ಟ ಕಾಗದ ಯಾರೂ ಕೇಳಲಿಲ್ಲ.

ಅದಕ್ಕ ಈಗ ಬಾಂಡ್ ಪೇಪರ್.
ನವನಗರದಾಗ ಹೊಸ ಮನಿ, ಫರಶಿ ಕೆಲಸ ಲಗಮಪ್ಪಂದು.
ಕಚೇರಿ ಮುಂದ ಬೇವಿನ ಗಿಡದ ಕೆಳಗ ಟೈಪ್ ಮಾಡಿಸಿದೆ:
ಎಷ್ಟು ಫೂಟು, ಯಾವ ಕಲ್ಲು, ಒಡದ್ರ ಯಾರ ಲುಕ್ಸಾನ,
ತಡಾದ್ರ ದಿನಕ್ಕ ಎಷ್ಟು ಮುರಕೊಳ್ಳೂದು.
"ಫರಶಿಯವನ ಕೂಡನೂ ಕರಾರೇನ್ರಿ?" ನಕ್ಕ ಟೈಪಿಸ್ಟ.
ಲಗಮಪ್ಪ ನಗಲಿಲ್ಲ. ಮಾರಿ ಇಳೀತು.
"ಇಷ್ಟು ವರ್ಷ ಬಾಯಿಲೇ ನಡೀತು. ನಂಬಿಗಿ ಹೋತೇನ್ರಿ ಸಾವಕಾರ?"
"ನಿನ್ನ ಮ್ಯಾಲಿಂದಲ್ಲೋ, ನನ್ನ ತಲಿ ಮ್ಯಾಲಿಂದು" ಅಂದೆ.
ಅರ್ಧ ಖರೆ.

ಮರುದಿನ ತಂದ. ಹೆಬ್ಬೆಟ್ಟು ಒತ್ತಿದ್ದಿಲ್ಲ.
ಮಗಳು ಓದಿದ್ಲಂತ, ಕಾಳವ್ವ, ಪಿಯುಸಿ.
ಕೆಳಗ ಪೆನ್ಸಿಲ್ಲಿಲೆ, ಗುಂಡಾನ ಅಕ್ಷರ:
"ರೊಕ್ಕ ತಡಾದ್ರ ದಿನಕ್ಕ ಎಷ್ಟು?"
ಅದರ ಕೆಳಗ:
"ಕಲ್ಲು ಕಾಲಿನ ಮ್ಯಾಲ ಬಿದ್ರ ದವಾಖಾನಿ ಯಾರದು?"
ಮುಂದ ಖಾಲಿ ಗೆರಿ, ಪಟ್ಟಿ ಇಟ್ಟು ಎಳದದ್ದು.

ಸಿಟ್ಟು ಬಂತು. ಚಾ ತರಿಸಿದೆ.
ಒಳಗ ಕಟರ್ ಕೂಗಿ ಕೂಗಿ ನಿಂತಿತು.
ಸೆಂಟ್ರಿಂಗ್ ದುರಗಪ್ಪ ಸ್ಲ್ಯಾಬಿನಿಂದ ಬಿದ್ದಾಗ
ನಾ ಕೊಟ್ಟದ್ದು ನೆನಪಾತು:
ಎರಡು ಸಾವಿರ, ಒಂದು ಡಜನ್ ಬಾಳೆಹಣ್ಣು.
ಭಾಳ ಛಲೋ ಮನಷ್ಯಾ ಅಂದಿದ್ರು ಎಲ್ಲಾರೂ.

ಮೊದಲ ಗೆರಿಗೆ, ಅವಗ ನಾ ಹಾಕಿದ್ದ ಅಂಕಿನೇ ಬರದೆ.
ಎರಡನೇದಕ್ಕ, "ನಂದು".
"ಏನ ಬರದ್ರಿ?" ಲಗಮಪ್ಪ ಬಗ್ಗಿ ನೋಡಿದ.
"ಮನಿಗೆ ಹೋಗಿ ಓದಿಸ್ಕೋ."
ಅಂವ ಶಾಯಿ ಊದಿ ಆರಿಸಿದ,
ರೇಶನ್ ಕಾರ್ಡಿನ ಪ್ಲಾಸ್ಟಿಕ್ ಚೀಲದಾಗ ಇಟ್ಟು
ಅಂಗಿಯೊಳಗ ಹಾಕ್ಕೊಂಡ,
ಆಮ್ಯಾಲ ದಾರ ಹಿಡದು
ಮಟ್ಟ ನೋಡಾಕ ಹ್ವಾದ.