ಈ ಚಿತ್ರದ ಬಗ್ಗೆ ತಿಳಿಯಿರಿ

ರಾತ್ರೆಲ್ಲಾ ತಾನಽ ಅಪ್‌ಡೇಟ್ ಆಗೇತಿ ಕಂಪ್ಯೂಟರು.
ಖಾರಿವಾಡೊ ಜೆಟ್ಟಿ, ಡೀಸೆಲ್ ಆಫೀಸಿನ ಶಟರ್ ಎತ್ತಿ
ಚಾಲೂ ಮಾಡಿದ್ರ
ಕಾಯ್ತಾನ್ ಹಾಕಿಟ್ಟಿದ್ದ ಬೋಟು ಇಲ್ಲ.
ಅದರ ಜಾಗಾದಾಗ ಯಾವುದೋ ದೇಶದ ಕೆರಿ,
ಹಿಂದ ಹಿಮದ ಗುಡ್ಡ, ಒಂದು ಹುಳಾನೂ ಇಲ್ಲದ ನೀರು.
ಎಡಗಡೆ ಮೂಲ್ಯಾಗ
ಕ್ಯಾಮೆರಾದಂಥ ಒಂದು ಸಣ್ಣ ಗುರುತು,
ಕೆಳಗ ಇಂಗ್ಲಿಷಿನ್ಯಾಗ:
ಈ ಚಿತ್ರದ ಬಗ್ಗೆ ತಿಳಿಯಿರಿ.

ನನಗ ತಿಳಿಯೂದು ಬ್ಯಾಡ.
ಹೊರಗ ಹನ್ನೊಂದು ಟ್ರಾಲರ್ ನಿಂತಾವು,
ಮೆನಿನ್ ಕಿಡಕ್ಯಾಗ ಮಾರಿ ತೂರಿಸಿ ಚೀಟಿ ಕೇಳಾಕ್ಹತ್ಯಾನ.
ಗುರುತು ಹಿಡದು ಕಸದ ಬುಟ್ಟಿಗೆ ಎಳದೆ.
ಬಂತು, ಬುಟ್ಟಿ ತನಕಾ ಬಂತು,
ಸಾಲಿ ಬಾಗಿಲದಿಂದ ವಾಪಸ್ ಓಡೂ ಹುಡುಗನ್ಹಂಗ
ಹಾರಿ ತನ್ನ ಜಾಗಾದಾಗ ಕುಂತ್ಬಿಡ್ತು.
ಬಲಗಡೆ ಗುಂಡಿ ಒತ್ತಿದೆ. ಅಳಿಸು ಅನ್ನೂ ಮಾತಽ ಇಲ್ಲ ಅದರ ಪಟ್ಟಿಯೊಳಗ.
ಎರಡು ಸಲ ಬಂದ್ ಮಾಡಿ ಚಾಲೂ ಮಾಡಿದೆ.
ಆಂಟಿವೈರಸ್ ಓಡಿಸಿದೆ,
ಮೂವತ್ನಾಲ್ಕು ನಿಮಿಷ ಹುಡುಕಿ ಅದು
ಎಲ್ಲಾ ಸುರಕ್ಷಿತ ಅಂತು.
ಬರ್ಫಿನ ಗಿರಣಿ ಪುಂಡಲೀಕ ಬಂದು
ಮಾನಿಟರಿನ ನೆತ್ತಿಗೆ ಒಂದು ಬಡದ.
ಅವನ ಗಿರಣ್ಯಾಗ ಎಲ್ಲಾ ರಿಪೇರೀನೂ ಹಂಗಽ.

ಮಂಗೋರ್ ಗುಡ್ಡದ ಇರ್ಷಾದ್ ಫೋನಿನ್ಯಾಗ ನಕ್ಕ.
‘ಅದರ ಕೂಡ ಕುಸ್ತಿ ಹಿಡಿಬ್ಯಾಡ್ರಿ ಅಕ್ಕಾ.
ಅವರ ಚಿತ್ರ ತಗದು ನಿಮ್ದೊಂದು ಹಾಕ್ರಿ,
ತಾನಽ ಹೊಕ್ಕೈತಿ.’

ನಮ್ದು ಅಂದ್ರ ಯಾವುದು?
ಕಾಯ್ತಾನ್ ರಿಟೈರ್ ಆಗಿ ಆರು ವರ್ಷ.
ಅವನ ಫೋಲ್ಡರಿನ್ಯಾಗ ಮಗಳ ಲಗ್ನದ ಬಿಲ್ಲು,
ಫುಟ್‌ಬಾಲ್ ಟೀಮಿನ ಯಾದಿ,
ಎಲ್ಲಾದರ ತಳಕ್ಕ ಸಿಕ್ತು ಹಳೇ ಬೋಟು.
ಸ್ಟೆಲ್ಲಾ ಮಾರಿಸ್. ಹಸರು ಬಣ್ಣ, ಮೂಗಿಗೆ ಹೂವಿನ ಹಾರ.
ಹಾಕಿದೆ.
ಗುರುತು ಹೋತು. ಹೋಗಿದ್ದಽ ತಿಳೀಲಿಲ್ಲ.

ಆದ್ರ ಈ ಗದ್ದಲದಾಗ ಉಳದ ಐಕಾನೆಲ್ಲಾ ಜರಗಿ
ಬಲಕ್ಕ ಹೋಗಿ ಗುಂಪು ನಿಂತಾವು.
ಡೀಸೆಲ್ ರಜಿಸ್ಟರ್ ಇರ್ತಿತ್ತಲ್ಲ,
ಆ ಜಾಗಾದಾಗ
ಒಬ್ಬಾಕಿ ಹೆಂಗಸು.

ತಲಿ ಮ್ಯಾಲ ಮೀನಿನ ಕ್ರೇಟು,
ಒಂದು ಕೈ ಕ್ರೇಟಿಗೆ, ಇನ್ನೊಂದು ಸೆರಗಿಗೆ.
ಸೀರಿ ಉಟ್ಟ ರೀತಿ ನಮ್ಮ ಕಡೀದು.
ಸೋರಿದ ನೀರು ಬೆನ್ನಗುಂಟ ಕರ್ರಗ ಇಳದೈತಿ.
ಮಾರಿ ಆ ಕಡೆ.
ಆರು ವರ್ಷ, ದಿನಾ ಮುಂಜಾನೆ,
ಆಕಿ ಬೆನ್ನ ಮ್ಯಾಲ ಎರಡು ಸಲ ಒತ್ತಿ
ನಾ ರಜಿಸ್ಟರ್ ತಗದೀನಿ.

ಕಾಯ್ತಾನ್‌ಗ ಫೋನ್ ಹಚ್ಚಿದೆ. ಟಿವಿ ಸಪ್ಪಳ, ನಡುವ ಅವನ ಕೆಮ್ಮು.
‘ಖಂಯ್ಚಿ ಬಾಯ್ಲ?’ ಅಂದ.
‘ನಾ ಬೋಟಿಂದು ತಗೀಲಿಕ್ಕೆ ನಿಂತಿದ್ದೆ.
ಯಾರೋ ಅಡ್ಡ ಬಂದಿರಬೇಕು.’
ಪುಂಡಲೀಕ ಚಷ್ಮಾ ಏರಿಸಿ ನೋಡಿದ.
‘ಬೈನಾದಿಂದ ಬರ್ತಿದ್ರಲ್ಲ ನಿಮ್ಮವರು, ಬೆಳಗಿನ ನಾಲ್ಕಕ್ಕ,
ಆ ಪೈಕಿ ಯಾರೋ. ಹದಿನೈದು ಇಪ್ಪತ್ತು ಮಂದಿ ಇದ್ರು.’
ಮೆನಿನ್ ಬಗ್ಗಿ ಬೋಟಿನ ಹಗ್ಗಾನಽ ನೋಡಿದ:
‘ಗಂಟು ತಪ್ಪು ಹಾಕ್ಯಾರ.’

ಮೂಲಿ ಖಾಲಿ ಐತಿ ಈಗ.
ಕೆರಿ ಇದ್ದಾಗ ಎಷ್ಟು ಉಮೇದಿ ಇತ್ತು ಅದಕ್ಕ,
ತಿಳಿಯಿರಿ, ತಿಳಿಯಿರಿ.
ಈಕಿ ಬಂದಕೂಡ್ಲೆ ಬಾಯಿ ಮುಚ್ಚಿ ಎದ್ದು ಹೋತು.

ಮೆನಿನ್‌ಗ ಇನ್ನೂರು ಲೀಟರಿನ ಚೀಟಿ ಹರದು ಕೊಟ್ಟೆ.
ಇನ್ನ ರಜಿಸ್ಟರ್ ಎಲ್ಲಿಡೂದು?
ಎತ್ತಿ ಬೋಟಿನ ಮೂಗಿನ ಮ್ಯಾಲ ಇಟ್ಟೆ,
ಹಾರದ ಮ್ಯಾಲನಽ.
ಕಾಯ್ತಾನ್ ಪೆನ್ಶನ್ ಕೆಲಸಕ್ಕ ಈ ಕಡೆ ಬಂದ್ರ
ನೋಡಿ ಬೈದಾನು.